ಮಳೆಯನ್ನರಿಯದ ನಾಡು : ತಾರಪಕಾ

ದಕ್ಷಿಣ ಅಮೆರಿಕದ ಭೂಪಟವನ್ನು ಮುಂದೆ ಹರಡಿಕೊಂಡರೆ, ಅದರ ಪಶ್ಚಿಮದ ಅಂಚಿಗೆ ಹೊಲಿದ ಕಿರಿದಾದ ಪಟ್ಟಿಯಂತೆ ಚಿಲಿ ದೇಶವು ಕಾಣಿಸುತ್ತದೆ. ಆ ಪಟ್ಟಿಯ ಬಡಗಣ ತುದಿಗೆ ಸಮೀಪದಲ್ಲಿ, ದಕ್ಷಿಣ ಅಕ್ಷಾಂಶ ಸುಮಾರು 19 ರಿಂದ 21½ ಡಿಗ್ರಿಗಳ ನಡುವೆ ಇರುವ ಪ್ರಾಂತವೇ ತಾರಪಕಾ. ಅದರ ವಿಸ್ತೀರ್ಣ 42,000 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಕ್ಷಾಂಶವೊಂದನ್ನೇ ನೋಡಿ ನಿರ್ಣಯಿಸುವುದಾದರೆ ಇದು ಉಷ್ಣವಲಯದ ನಾಡು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚು ಕಡಿಮೆ ಇಷ್ಟೇ ದೂರದಲ್ಲಿರುವ ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ತಾರಪಕಾದ ರಾಜಧಾನಿಯಾದ ಇಕೀಕೆಯೂ ಮುಂಬಯಿಯಂತೆ ಕಡಲ ದಡದ ರೇವುಪಟ್ಟಣವೇ; ಆದರೆ ಅಲ್ಲಿಯ ವಾರ್ಷಿಕ ಮಳೆಯ ಸರಾಸರಿಯನ್ನು ತೆಗೆದರೆ ಕೆಲವೇ ಮಿಲಿಮೀಟರ್ ಕೂಡ ಆಗಲಾರದು. ಅದಕ್ಕೆ ಬಡಗಲಲ್ಲಿರುವ ಅರಿಕಾ ಪಟ್ಟಣದಲ್ಲಿ 1903 ರಿಂದ 1918 ರವರೆಗೆ, ಹದಿನಾಲ್ಕು ವರ್ಷಗಳಿಗೂ ಮಿಗಿಲಾಗಿ, ಒಂದು ಹನಿಯೂ ಬೀಳಲಿಲ್ಲವೆಂದು ಹವಾಮಾನ ದಾಖಲೆಗಳು ಹೇಳುತ್ತವೆ. ಲೋಕದಲ್ಲಿ ಲೆಕ್ಕವಿಟ್ಟಿರುವ ಮಳೆಯಿಲ್ಲದ ಅವಧಿಗಳಲ್ಲಿ ಇದೇ ಅತಿ ದೀರ್ಘವಾದುದು.

ಕಡಲು ಕಾಲಬುಡದಲ್ಲಿದ್ದೂ ಮಳೆ ಏಕಿಲ್ಲ? ಈ ಪ್ರಶ್ನೆಗೆ ಉತ್ತರವು ಆ ಕಡಲಿನಲ್ಲೇ ಅಡಗಿದೆ. ದಕ್ಷಿಣ ಧ್ರುವದ ಕಡೆಯಿಂದ ತಣ್ಣನೆಯ ನೀರನ್ನು ಹೊತ್ತು ಬರುವ ಹಂಬೋಲ್ಟ್ ಪ್ರವಾಹವು ಈ ತೀರವನ್ನು ಒತ್ತಿಕೊಂಡು ಬಡಗಣಕ್ಕೆ ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ, ಭಾರವಾಗಿ, ಕೆಳಗೇ ಕುಳಿತುಬಿಡುತ್ತದೆ. ಅದರ ಮೇಲೆ, ಪೆಸಿಫಿಕ್ ಸಾಗರದ ಅಧಿಕ ಒತ್ತಡದ ವಲಯದಿಂದ ಇಳಿದು ಬರುವ ಬೆಚ್ಚನೆಯ ಒಣಗಾಳಿಯು ಮುಚ್ಚಳದಂತೆ ಕವಿದಿರುತ್ತದೆ. ತೇವವುಳ್ಳ ಗಾಳಿಯು ಮೇಲೇರಿ ತಣಿದಲ್ಲದೆ ಮಳೆಯಾಗದೆಂಬುದನ್ನು ನಾವು ಶಾಲೆಯಲ್ಲಿಯೇ ಕಲಿತಿದ್ದೇವೆ. ಇಲ್ಲಿ ಗಾಳಿಗೆ ಮೇಲೇರುವ ದಾರಿಯೇ ಇಲ್ಲ. ಪೂರ್ವದಿಂದ, ಅಮೆಜಾನ್ ಕಾಡುಗಳ ಕಡೆಯಿಂದ ಬರಬಹುದಾದ ಮೋಡಗಳನ್ನು ಆಂಡೀಸ್ ಪರ್ವತಶ್ರೇಣಿಯು ತಡೆದು ತನ್ನ ಆಚೆಯ ಇಳಿಜಾರಿನಲ್ಲೇ ಸುರಿಸಿಕೊಳ್ಳುತ್ತದೆ. ಹೀಗೆ ಎರಡು ಬಾಗಿಲುಗಳೂ ಮುಚ್ಚಿದ ಮನೆ ಈ ನಾಡು. ಕಡಲಿನಿಂದ ಬರುವುದು ಕಾವಳ ಮಾತ್ರ. ಸ್ಥಳೀಯರು ಅದನ್ನು ಕಮಂಚಾಕಾ ಎನ್ನುತ್ತಾರೆ. ಅದು ಕರಾವಳಿಯ ಕಡಿದಾದ ಬೆಟ್ಟಗಳಿಗೆ ಬಂದು ತಾಗುತ್ತದೆ. ತಾಗಿದೆಡೆಯಲ್ಲಿ ಕಳ್ಳಿಗಳೂ ಕಲ್ಲುಹೂಗಳೂ ಒಂದಿಷ್ಟು ಬದುಕಿಕೊಳ್ಳುತ್ತವೆ.

ಆ ಬೆಟ್ಟಸಾಲನ್ನು ದಾಟಿದರೆ ಸುಮಾರು 1,000 ಮೀಟರ್ ಎತ್ತರದ ವಿಸ್ತಾರವಾದ ಬಯಲು. ತಾಮರುಗಾಲ್ ಪಂಪಾ ಎಂದು ಅದರ ಹೆಸರು. ಅದಕ್ಕೂ ಪೂರ್ವದಲ್ಲಿ ನೆಲವು ಏರುತ್ತ ಏರುತ್ತ 4,000 ಮೀಟರಿನ ಆಚೆಗೆ, ಆಂಡೀಸಿನ ಪ್ರಸ್ಥಭೂಮಿಗೆ ಮುಟ್ಟುತ್ತದೆ. ಅಲ್ಲಿ ಬೇಸಗೆಯಲ್ಲಿ ಸ್ವಲ್ಪ ಮಳೆಯುಂಟು. ಆ ನೀರು ಕೊರಕಲುಗಳಲ್ಲಿ ಇಳಿದು, ಬಯಲನ್ನು ಸೇರುವ ಮುನ್ನವೇ ನೆಲದೊಳಗೆ ಇಂಗಿಹೋಗುತ್ತದೆ. ನೀರು ಮತ್ತೆ ಮೇಲಕ್ಕೆ ಒಸರುವ ಪಿಕಾದಂತಹ ಕೆಲವು ಎಡೆಗಳಲ್ಲಿ ನಿಂಬೆಯ ತೋಟಗಳಿವೆ. ಪಿಕಾದ ನಿಂಬೆಹಣ್ಣಿಗೆ ಚಿಲಿಯಲ್ಲೆಲ್ಲ ಹೆಸರು.

ಇಂತಹ ನಾಡಿನಲ್ಲಿಯೂ ಮನುಷ್ಯನು ಬಹು ಹಿಂದೆಯೇ ನೆಲೆಸಿದ್ದನು. ಮೀನು ಹಿಡಿದು ಬದುಕುತ್ತಿದ್ದ ಚಿಂಚೋರೊ ಜನರು ಸುಮಾರು 7,000 ವರ್ಷಗಳ ಹಿಂದೆಯೇ ಸತ್ತವರ ದೇಹಗಳನ್ನು ಕೆಡದಂತೆ ಸಿದ್ಧಪಡಿಸಿಡುತ್ತಿದ್ದರು. ಈಜಿಪ್ಟಿನ ಮಮ್ಮಿಗಳಿಗಿಂತ ಇವು ಎಷ್ಟೋ ಹಳೆಯವು. ಆಶ್ಚರ್ಯವೆಂದರೆ ಇಲ್ಲಿ ಈ ಗೌರವವು ಅರಸರಿಗೆ ಮೀಸಲಾಗಿರಲಿಲ್ಲ; ಎಳೆಯ ಕೂಸುಗಳಿಗೂ ಸಲ್ಲುತ್ತಿತ್ತು. ಇವು ಹೆಚ್ಚಾಗಿ ದೊರೆತಿರುವ ಅರಿಕಾದ ಸುತ್ತಲಿನ ಪ್ರದೇಶವು 2007 ರವರೆಗೆ ತಾರಪಕಾಕ್ಕೇ ಸೇರಿತ್ತು. ಮುಂದಿನ ಕಾಲದ ಜನರು ಬೋಳುಬೆಟ್ಟಗಳ ಮೈಮೇಲೆ ಕಲ್ಲುಗಳನ್ನು ಜೋಡಿಸಿ, ಮೇಲ್ಮಣ್ಣನ್ನು ಕೆರೆದು, ದೊಡ್ಡ ದೊಡ್ಡ ಚಿತ್ರಗಳನ್ನು ಬರೆದರು. ಉನೀತಾ ಗುಡ್ಡದ ಮೇಲಿರುವ ಮನುಷ್ಯಾಕೃತಿಯು ಲೋಕದಲ್ಲೇ ಅತಿ ದೊಡ್ಡ ಮಾನವಚಿತ್ರಗಳಲ್ಲೊಂದು. ನೆಲದ ಮೇಲೆ ಗೀಚಿದುದು ನೂರಾರು ವರ್ಷ ಅಳಿಯದೆ ಉಳಿದಿದೆಯೆಂದರೆ, ಅಳಿಸಲು ಮಳೆಯೇ ಇಲ್ಲವಷ್ಟೆ!

ಮಳೆಯು ಅಳಿಸದೆ ಬಿಟ್ಟದ್ದು ಚಿತ್ರಗಳನ್ನು ಮಾತ್ರವಲ್ಲ. ಪಂಪಾದ ಪಶ್ಚಿಮದ ಅಂಚಿನಲ್ಲಿ, ನೆಲದಿಂದ ಸ್ವಲ್ಪವೇ ಕೆಳಗೆ, ಗಟ್ಟಿಯಾದ ಬಿಳಿಯ ಪದರವೊಂದು ಹರಡಿದೆ. ಅದರ ಹೆಸರು ಕಲೀಚೆ. ಅದರಲ್ಲಿ ಅಡಿಗೆಯ ಉಪ್ಪು, ಜಿಪ್ಸಂ, ಅಯೋಡಿನ್ನಿನ ಲವಣಗಳು, ಇವುಗಳೊಡನೆ ಸೋಡಿಯಂ ನೈಟ್ರೇಟು ಬೆರೆತಿದೆ. ನೈಟ್ರೇಟು ನೀರಿನಲ್ಲಿ ಅತಿ ಸುಲಭವಾಗಿ ಕರಗುವ ವಸ್ತು. ಬೇರೆ ದೇಶಗಳಲ್ಲಿ ಅದು ನೆಲದಲ್ಲಿ ಉಂಟಾದರೂ ಮಳೆಯು ತೊಳೆದುಕೊಂಡು ಹೋಗುತ್ತದೆ. ಇಲ್ಲಿ ವಾತಾವರಣದಿಂದ ಕಣಕಣವಾಗಿ ಇಳಿದುದು ಲಕ್ಷಾಂತರ ವರ್ಷ ಸಂಚಿತವಾಗುತ್ತ ಬಂದಿತು. ಅದರೊಳಗಿನ ಆಮ್ಲಜನಕದ ಸಮಸ್ಥಾನಿಗಳನ್ನು ಅಳೆದು ನೋಡಿದ ವಿಜ್ಞಾನಿಗಳು ಅದರ ಬಹುಭಾಗವು ಗಾಳಿಯಲ್ಲೇ ಹುಟ್ಟಿದುದೆಂದು ಕಂಡುಕೊಂಡಿದ್ದಾರೆ.

1835 ರ ಜುಲೈ ತಿಂಗಳಿನಲ್ಲಿ ಬೀಗಲ್ ಹಡಗು ಇಕೀಕೆಯಲ್ಲಿ ಲಂಗರು ಹಾಕಿತು. ಅದರಲ್ಲಿದ್ದ ಯುವಕ ಚಾರ್ಲ್ಸ್ ಡಾರ್ವಿನ್ನನು ಒಳನಾಡಿಗೆ ಸವಾರಿ ಮಾಡಿ ನೈಟ್ರೇಟಿನ ಕಾರ್ಖಾನೆಯೊಂದನ್ನು ನೋಡಿಬಂದನು. ಆಗ ಇಕೀಕೆಯು ಪೆರು ದೇಶಕ್ಕೆ ಸೇರಿದ್ದ ಬಡ ಹಳ್ಳಿ. ಕುಡಿಯುವ ನೀರನ್ನು ಬಡಗಲಿನ ಪಿಸಾಗುವಾದಿಂದ ನಲವತ್ತು ಮೈಲಿ ದೋಣಿಯಲ್ಲಿ ತಂದು ಪೀಪಾಯಿಯ ಲೆಕ್ಕದಲ್ಲಿ ಮಾರುತ್ತಿದ್ದರು.

ಈ ಲವಣಕ್ಕೆ ಅಷ್ಟು ಬೆಲೆ ಏಕೆ? ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು, ಎಂದರೆ ಪೊಟಾಸಿಯಂ ನೈಟ್ರೇಟು, ಬಹುಕಾಲ ಯುರೋಪಿಗೆ ದೊರೆಯುತ್ತಿದ್ದುದು ನಮ್ಮ ದೇಶದಿಂದ, ಮುಖ್ಯವಾಗಿ ಬಿಹಾರದಿಂದ. ಅಲ್ಲಿ ನೋನಿಯಾ ಜನರು ಹಳ್ಳಿಗಳ ಸುತ್ತಲಿನ ಲವಣಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಕಾಯಿಸಿ ಅದನ್ನು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಅದನ್ನು ಟನ್ನುಗಟ್ಟಲೆ ಹೊತ್ತವು. ತಾರಪಕಾದ ಸೋಡಿಯಂ ನೈಟ್ರೇಟಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ದುರ್ಗುಣವಿರುವುದರಿಂದ ಕೋವಿಗೆ ಅದು ಹೊಂದುತ್ತಿರಲಿಲ್ಲ. ಆದರೆ 1857 ರಲ್ಲಿ ಅಮೆರಿಕದ ಲಾಮಟ್ ಡ್ಯುಪಾಂಟ್ ಎಂಬವನು ಬಂಡೆ ಸಿಡಿಸುವ ಮದ್ದಿಗೆ ಅದನ್ನು ಬಳಸುವ ವಿಧಾನವನ್ನು ರೂಪಿಸಿದನು. ಅದಕ್ಕಿಂತ ಹೆಚ್ಚಾಗಿ, ಯುರೋಪಿನ ದಣಿದ ಹೊಲಗಳಿಗೆ ಅದು ಸಾರಜನಕದ ಗೊಬ್ಬರವಾಯಿತು. ಹೀಗೆ ಬರಡಿಗಿಂತ ಬರಡಾದ ನಾಡೊಂದು ಬೇರೆಯವರ ಗದ್ದೆಗಳನ್ನು ಹಸುರಾಗಿಸತೊಡಗಿತು.

ಕಲೀಚೆಯಿಂದ ನೈಟ್ರೇಟನ್ನು ಬೇರ್ಪಡಿಸುವ ಉಪಾಯವನ್ನು ನಮ್ಮ ವಿದ್ಯಾರ್ಥಿ ಮಿತ್ರರು ಸ್ವಲ್ಪ ಗಮನವಿಟ್ಟು ನೋಡಬೇಕು. 100 ಗ್ರಾಂ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 88 ಗ್ರಾಂ ಸೋಡಿಯಂ ನೈಟ್ರೇಟು ಕರಗುತ್ತದೆ. ಕುದಿಯುವ ನೀರಿನಲ್ಲಿಯಾದರೋ 180 ಗ್ರಾಮಿನ ಸಮೀಪಕ್ಕೆ ಏರುತ್ತದೆ. ಅಡಿಗೆಯ ಉಪ್ಪು ತಣ್ಣೀರಿನಲ್ಲಿ 36 ಗ್ರಾಂ, ಬಿಸಿನೀರಿನಲ್ಲಿ 39 ಗ್ರಾಂ, ಹೆಚ್ಚು ಭೇದವಿಲ್ಲ. ಆದುದರಿಂದ ಪುಡಿಮಾಡಿದ ಕಲೀಚೆಯನ್ನು ಬಿಸಿನೀರಿನಲ್ಲಿ ಕರಗಿಸಿ, ತಿಳಿಯನ್ನು ಬೇರೆ ತೊಟ್ಟಿಗೆ ಹರಿಸಿ ಆರಲು ಬಿಟ್ಟರೆ, ನೈಟ್ರೇಟು ಹರಳುಗಟ್ಟಿ ಕೆಳಗಿಳಿಯುತ್ತದೆ, ಉಪ್ಪು ಬಹುಪಾಲು ದ್ರಾವಣದಲ್ಲೇ ಉಳಿಯುತ್ತದೆ. ಮೊದಮೊದಲು ಇದನ್ನು ಬೆಂಕಿಯ ಮೇಲಿಟ್ಟ ಕೊಪ್ಪರಿಗೆಗಳಲ್ಲಿ ಮಾಡುತ್ತಿದ್ದರು. ಬಹು ಸಮೃದ್ಧವಾದ ಕಲೀಚೆಗೆ ಮಾತ್ರ ಅದು ಸಾಧ್ಯವಾಗಿತ್ತು. 1875 ರಲ್ಲಿ ಇಂಗ್ಲೆಂಡಿನಿಂದ ಬಂದ ಜೇಮ್ಸ್ ಹಂಬರ್‌ಸ್ಟನ್ ಎಂಬ ತರುಣ ರಸಾಯನಶಾಸ್ತ್ರಜ್ಞನು ಸೋಡಾ ಕೈಗಾರಿಕೆಯಲ್ಲಿ ಬಳಕೆಯಲ್ಲಿದ್ದ ಶ್ಯಾಂಕ್ಸ್ ವಿಧಾನವನ್ನು ಇಲ್ಲಿಗೆ ಅಳವಡಿಸಿದನು. ಸಾಲಾಗಿ ನಿಲ್ಲಿಸಿದ ತೊಟ್ಟಿಗಳನ್ನು ಉಗಿಯ ಕೊಳವೆಗಳಿಂದ ಕಾಯಿಸುವುದು. ಸತ್ವ ತೀರುತ್ತ ಬಂದ ಕಲೀಚೆಯ ಮೇಲೆ ಹೊಸ ನೀರು, ಹೊಸ ಕಲೀಚೆಯ ಮೇಲೆ ಆಗಲೇ ಗಟ್ಟಿಯಾದ ದ್ರಾವಣ, ಹೀಗೆ ಒಂದರಿಂದ ಇನ್ನೊಂದಕ್ಕೆ ಹರಿಸುವುದು. ಸಾಮಾನ್ಯವಾದ ಕಲ್ಲೂ ಇದರಿಂದ ಲಾಭಕರವಾಯಿತು.

ಐಶ್ವರ್ಯ ಕಂಡಲ್ಲಿ ಜಗಳವೂ ಕಾಣಿಸಿಕೊಳ್ಳುತ್ತದೆ. ಆಗ ತಾರಪಕಾ ಪೆರುವಿನದು. ಅದರ ತೆಂಕಲಿನ ಅಂತೊಫಗಸ್ತಾ ಬೊಲಿವಿಯದ್ದು. ಅಲ್ಲಿ ದುಡಿಯುತ್ತಿದ್ದ ಬಂಡವಾಳವೂ ಜನರೂ ಬಹುಮಟ್ಟಿಗೆ ಚಿಲಿಯವರು. 1878 ರಲ್ಲಿ ಬೊಲಿವಿಯವು ನೈಟ್ರೇಟಿನ ರಫ್ತಿನ ಮೇಲೆ ತೂಕಕ್ಕೆ ಹತ್ತು ಸೆಂಟಾವೊಗಳ ತೆರಿಗೆಯನ್ನು ಹೇರಿತು. 1879 ರಲ್ಲಿ ಯುದ್ಧವು ಹೊತ್ತಿಕೊಂಡಿತು. ಒಪ್ಪಂದಕ್ಕೆ ಕಟ್ಟುಬಿದ್ದಿದ್ದ ಪೆರುವೂ ಅದಕ್ಕೆ ಸಿಲುಕಿತು. ಆ ವರ್ಷದ ಮೇ 21 ರಂದು ಇಕೀಕೆಯ ಎದುರಿನ ಕಡಲಿನಲ್ಲಿ ಚಿಲಿಯ ಹಳೆಯ ಮರದ ಹಡಗಾದ ಎಸ್ಮೆರಾಲ್ಡವನ್ನು ಪೆರುವಿನ ಕಬ್ಬಿಣದ ಕವಚದ ಹಡಗು ಉವಾಸ್ಕರ್ ತಿವಿದು ಮುಳುಗಿಸಿತು. ಎದುರಾಳಿಯ ಹಡಗಿನ ಮೇಲಕ್ಕೆ ಕತ್ತಿ ಹಿಡಿದು ಹಾರಿದ ಕಪ್ತಾನ ಆರ್ತುರೊ ಪ್ರಾತ್ ಅಲ್ಲಿಯೇ ಮಡಿದನು. ಗೆದ್ದ ಮಿಗೆಲ್ ಗ್ರಾವ್ ಎಂಬ ನಾಯಕನು ಪ್ರಾತನ ವಸ್ತುಗಳನ್ನೆಲ್ಲ ಜೋಪಾನವಾಗಿ ಕಟ್ಟಿಸಿ, ಸಂತಾಪದ ಪತ್ರದೊಡನೆ ಅವನ ಪತ್ನಿಗೆ ಕಳುಹಿಸಿದನು. ಅದೇ ಅಕ್ಟೋಬರಿನಲ್ಲಿ ತಾನೂ ಯುದ್ಧದಲ್ಲಿ ಅಳಿದನು. 1883 ರ ಅಂಕೋನ್ ಒಪ್ಪಂದದಂತೆ ತಾರಪಕಾ ಶಾಶ್ವತವಾಗಿ ಚಿಲಿಯ ಪಾಲಾಯಿತು. ಬೊಲಿವಿಯವು ತನ್ನ ಕಡಲ ತೀರವನ್ನೇ ಕಳೆದುಕೊಂಡಿತು.

ಯುದ್ಧದ ಗೊಂದಲದಲ್ಲಿ ಪೆರು ಸರಕಾರದ ನೈಟ್ರೇಟು ಪತ್ರಗಳನ್ನು ಅಗ್ಗಕ್ಕೆ ಕೊಂಡ ಜಾನ್ ತಾಮಸ್ ನಾರ್ತ್ ಎಂಬ ಇಂಗ್ಲಿಷ್ ಯಂತ್ರಕರ್ಮಿಯು ಕೆಲವೇ ವರ್ಷಗಳಲ್ಲಿ ನೈಟ್ರೇಟಿನ ದೊರೆ ಎನಿಸಿಕೊಂಡನು. ಚಿಲಿ ಸರಕಾರದ ವರಮಾನದಲ್ಲಿ ಹಲವು ವರ್ಷ ಅರ್ಧದಷ್ಟು ಈ ಒಂದು ಲವಣದ ಸುಂಕದಿಂದಲೇ ಬರುತ್ತಿತ್ತು. ಅಗೆದವರ ಪಾಡೇ ಬೇರೆ. ಅವರಿಗೆ ಕೂಲಿಯಾಗಿ ನಾಣ್ಯದ ಬದಲು ಕಾರ್ಖಾನೆಯು ಮುದ್ರಿಸಿದ ಬಿಲ್ಲೆಗಳು ದೊರೆಯುತ್ತಿದ್ದುವು. ಅವು ಚಲಾವಣೆಯಾಗುತ್ತಿದ್ದುದು ಅದೇ ಕಾರ್ಖಾನೆಯ ಅಂಗಡಿಯಲ್ಲಿ ಮಾತ್ರ, ಅಂಗಡಿ ಹೇಳಿದ ಬೆಲೆಗೆ. 1907 ರ ಡಿಸೆಂಬರಿನಲ್ಲಿ ಚಿಲಿ, ಪೆರು, ಬೊಲಿವಿಯ, ಅರ್ಜೆಂಟೀನಗಳ ಸಾವಿರಾರು ಕೂಲಿಗಾರರು ಹೆಂಡಿರು ಮಕ್ಕಳೊಡನೆ ಪಂಪಾದಿಂದ ಇಕೀಕೆಗೆ ಇಳಿದುಬಂದರು. ಬೆಲೆ ಕುಸಿಯದ ಕೂಲಿ, ಬಿಲ್ಲೆಗಳ ರದ್ದು, ಸರಿಯಾದ ತೂಕ, ಕುದಿಯುವ ತೊಟ್ಟಿಗಳಿಗೆ ಬೇಲಿ. ಇವರು ಕೇಳಿದುದು ಇಂಥವುಗಳನ್ನು. ಸಾಂತಾ ಮರಿಯಾ ಎಂಬ ಶಾಲೆಯಲ್ಲಿ ಅವರು ತಂಗಿದ್ದರು. 21 ರಂದು ಜನರಲ್ ಸಿಲ್ವ ರೆನಾರ್ದನ ಆಜ್ಞೆಯಂತೆ ಸೈನ್ಯವು ಆ ಶಾಲೆಯತ್ತ ಯಂತ್ರಬಂದೂಕುಗಳಿಂದ ಗುಂಡಿನ ಮಳೆಗರೆಯಿತು. ಸತ್ತವರು ನೂರಾರು ಎಂದು ಕೆಲವರು, ಎರಡು ಸಾವಿರಕ್ಕೂ ಹೆಚ್ಚೆಂದು ಕೆಲವರು. ಲೆಕ್ಕವು ಇಂದಿಗೂ ಇತ್ಯರ್ಥವಾಗಿಲ್ಲ.

ಇಷ್ಟು ರಕ್ತಕ್ಕೂ ಸಂಪತ್ತಿಗೂ ಕಾರಣವಾದ ಉದ್ಯಮಕ್ಕೆ ಮುಕ್ತಾಯವು ಬಂದುದು ಪ್ರಯೋಗಶಾಲೆಯಿಂದ. ಚಿಲಿಯ ನೈಟ್ರೇಟು ಒಂದು ದಿನ ತೀರುವುದು, ಗಾಳಿಯ ಸಾರಜನಕವನ್ನು ಹಿಡಿಯುವ ಬಗೆಯನ್ನು ರಸಾಯನಶಾಸ್ತ್ರಜ್ಞರು ಕಂಡುಹಿಡಿಯದಿದ್ದರೆ ಗೋಧಿ ತಿನ್ನುವ ಜನಾಂಗಗಳಿಗೆ ಕ್ಷಾಮವು ತಪ್ಪದು ಎಂದು ಸರ್ ವಿಲಿಯಂ ಕ್ರುಕ್ಸ್ 1898 ರಲ್ಲಿ ಬ್ರಿಸ್ಟಲ್ ನಗರದಲ್ಲಿ ಎಚ್ಚರಿಸಿದ್ದನು. 1909 ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರನು ಅಧಿಕ ಒತ್ತಡದಲ್ಲಿ, ವೇಗವರ್ಧಕದ ಸಹಾಯದಿಂದ, ಸಾರಜನಕ ಜಲಜನಕಗಳನ್ನು ಕೂಡಿಸಿ ಅಮೋನಿಯವನ್ನು ಪಡೆದನು. ಕಾರ್ಲ್ ಬಾಷನ ನೇತೃತ್ವದಲ್ಲಿ 1913 ರಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆಯೇ ನಡೆಯತೊಡಗಿತು. ಮರುವರ್ಷ ಮಹಾಯುದ್ಧ. ಬ್ರಿಟಿಷ್ ನೌಕಾಬಲವು ಚಿಲಿಯ ನೈಟ್ರೇಟು ಜರ್ಮನಿಗೆ ಸೇರದಂತೆ ತಡೆಯಿತು. ಜರ್ಮನಿಯು ಗಾಳಿಯಿಂದಲೇ ಮದ್ದನ್ನು ತಯಾರಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಆ ಅಗ್ಗದ ವಸ್ತುವು ಮಾರುಕಟ್ಟೆಗೆ ಬಂದಾಗ ಪಂಪಾದ ಚಿಮಣಿಗಳು ಒಂದೊಂದಾಗಿ ಆರಿದುವು. ಕ್ರುಕ್ಸನು ಹೆದರಿದ್ದಂತೆ ಗಣಿ ಬರಿದಾಗಲಿಲ್ಲ. ಕಲೀಚೆಯು ನೆಲದಲ್ಲಿ ಉಳಿದೇ ಇತ್ತು, ಕೊಳ್ಳುವವರು ಇಲ್ಲವಾದರು. ಹಂಬರ್‌ಸ್ಟನ್ನನ ಹೆಸರನ್ನೇ ಪಡೆದ ಕಾರ್ಖಾನೆ 1960 ರಲ್ಲಿ ಮುಚ್ಚಿತು. ಅದರ ನಾಟಕಶಾಲೆ, ಕಬ್ಬಿಣದ ಈಜುಕೊಳ, ಕೂಲಿಗಾರರ ಸಾಲುಮನೆಗಳು ತುಕ್ಕು ಹಿಡಿದು ನಿಂತಿವೆ. 2005 ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಮ್ಮೆ ಉಪವಸ್ತುವಾಗಿದ್ದ ಅಯೋಡಿನ್ನಿಗೆ ಮಾತ್ರ ಬೇಡಿಕೆ ತಗ್ಗಿಲ್ಲ: ಲೋಕದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಿಲಿಯ ಕಲೀಚೆಯಿಂದಲೇ ಬರುತ್ತದೆ.

ಈಗ ತಾರಪಕಾದ ಸಿರಿ ಎತ್ತರದ ಪರ್ವತಗಳ ತಾಮ್ರದಲ್ಲಿದೆ. ಅದಕ್ಕೂ ನೀರೇ ತೊಡಕು. 2023 ರಲ್ಲಿ ವಿಸ್ತಾರಗೊಂಡ ಕೆಬ್ರಾಡಾ ಬ್ಲಾಂಕಾ ಗಣಿಗೆ ಕಡಲ ನೀರನ್ನು ಸಿಹಿಮಾಡಿ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ, 4,000 ಮೀಟರಿಗೂ ಮೀರಿದ ಎತ್ತರಕ್ಕೆ ಪಂಪು ಮಾಡುತ್ತಾರೆ. ಪಟ್ಟಣಗಳು ಪಂಪಾದ ಅಡಿಯ ಅಂತರ್ಜಲವನ್ನು ಎತ್ತಿ ಕುಡಿಯುತ್ತಿವೆ.

ಆ ಅಂತರ್ಜಲಕ್ಕೆ ಮತ್ತೊಬ್ಬ ಹಕ್ಕುದಾರನೂ ಇದ್ದಾನೆ. ಅದು ಬಯಲಿಗೆ ತನ್ನ ಹೆಸರನ್ನು ಕೊಟ್ಟ ತಾಮರುಗೊ ಮರ. ಓದುಗರಿಗೆ ಇದು ಅಪರಿಚಿತವೆನಿಸಬಹುದು. ಆದರೆ ನಮ್ಮ ವಿಜಯದಶಮಿಯ ಬನ್ನಿಮರಕ್ಕೂ ಬಳ್ಳಾರಿ ಜಾಲಿಗೂ ಇದು ದೂರದ ದಾಯಾದಿ. ಸಸ್ಯಶಾಸ್ತ್ರಜ್ಞರು ಈ ಮೂರನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಎಣಿಸುತ್ತಿದ್ದರು. ಮಳೆ ಬೀಳದ, ಉಪ್ಪು ಹೆಪ್ಪುಗಟ್ಟಿದ ನೆಲದಲ್ಲಿ ಬೇರನ್ನು ಆಳಕ್ಕೆ ಇಳಿಸಿ ಅದು ಬದುಕುತ್ತದೆ. ಉದುರಿದ ಎಲೆ ಕಾಯಿಗಳು ಕುರಿ ಮೇಕೆಗಳಿಗೆ ಮೇವು. ನೈಟ್ರೇಟಿನ ಕೊಪ್ಪರಿಗೆಗಳ ಕೆಳಗೆ ಉರಿದುದು ಇದೇ ಮರ; ಕಾಡು ಬಹುಮಟ್ಟಿಗೆ ಬೂದಿಯಾಯಿತು. 1960 ಮತ್ತು 1970 ರ ದಶಕಗಳಲ್ಲಿ ಚಿಲಿ ಸರಕಾರವು ಉಪ್ಪಿನ ಹೆಪ್ಪನ್ನು ಒಡೆಸಿ, ಗುಳಿ ತೋಡಿಸಿ, ಸಾವಿರಾರು ಹೆಕ್ಟೇರುಗಳಲ್ಲಿ ಅದನ್ನು ಮತ್ತೆ ನೆಡಿಸಿತು. 1987 ರಲ್ಲಿ ಅದನ್ನು ರಕ್ಷಿತ ವನವಾಗಿ ಘೋಷಿಸಿದರು. ಅಂತರ್ಜಲದ ಮಟ್ಟವು ಇಳಿಯುತ್ತಿರುವುದರಿಂದ ಮರಗಳು ಸೊರಗುತ್ತಿವೆಯೇ ಎಂದು ವಿಜ್ಞಾನಿಗಳು ಉಪಗ್ರಹದ ಚಿತ್ರಗಳಲ್ಲಿ ಅವುಗಳ ಹಸುರನ್ನು ಅಳೆಯಲು ಹೊರಟರು. ಅಲ್ಲೊಂದು ತೊಡಕು ಎದುರಾಯಿತು. ತಾಮರುಗೊ ತನ್ನ ಎಲೆಗಳನ್ನು ನಡುಹಗಲಿನ ಬಿಸಿಲಿಗೆ ಮುಖ ಕೊಡದಂತೆ ತಿರುಗಿಸಿಕೊಳ್ಳುತ್ತದೆ. ಅದರಿಂದ ಬೆಳಗ್ಗೆ ಕಂಡಷ್ಟು ಹಸುರು ಮಧ್ಯಾಹ್ನದ ಚಿತ್ರದಲ್ಲಿ ಕಾಣುವುದಿಲ್ಲ. ನೀರಿಲ್ಲದೆ ಕುಂದಿದ ಹಸುರು ಯಾವುದು, ಬಿಸಿಲಿಗೆ ಮರೆಸಿಟ್ಟ ಹಸುರು ಯಾವುದು ಎಂಬುದನ್ನು ಮೊದಲು ವಿಂಗಡಿಸಿಕೊಂಡೇ ಅವರು ಲೆಕ್ಕವನ್ನು ಮುಂದುವರಿಸಬೇಕಾಯಿತು.