ಬಸ್ಸನ್ನು ಯಾವ ಉಪಗ್ರಹವೂ ನೋಡುತ್ತಿಲ್ಲ

‘ಮೋಡ ಕವಿದ ದಿನವೂ ನಮ್ಮ ಸಿಟಿ ಬಸ್ಸು ಉಪಗ್ರಹಕ್ಕೆ ಹೇಗೆ ಕಾಣುತ್ತದೆ?’ ಎಂದು ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ. ಅವರ ಊರಿಗೆ ತಕ್ಕ ಪ್ರಶ್ನೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ ಬಂದದ್ದು 2015ರಲ್ಲಿ. ಆದರೆ ಮೈಸೂರಿನ ನಗರ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ ಜಿಪಿಎಸ್ ಕೂರಿಸಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಎಂದು ನಿಲ್ದಾಣದ ಬೋರ್ಡಿನಲ್ಲಿ ತೋರಿಸತೊಡಗಿದ್ದು 2012ರಲ್ಲೇ.

ಉತ್ತರ: ಕಾಣುವುದೇ ಇಲ್ಲ. ಮೋಡ ಇರಲಿ, ಬಿಸಿಲಿರಲಿ, ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಬಸ್ಸು ಇದೆಯೆಂಬುದೇ ಗೊತ್ತಿಲ್ಲ! ಶನಿಗೆ ದೃಷ್ಟಿಯಿದೆ ಎಂದು ನಂಬಿ ಎಳ್ಳುಬತ್ತಿ ಹಚ್ಚುವ ನಾವು, ಮನುಷ್ಯರೇ ಹಾರಿಬಿಟ್ಟ ಪೆಟ್ಟಿಗೆಗೂ ಕಣ್ಣು ಕೊಟ್ಟುಬಿಟ್ಟಿದ್ದೇವೆ. ‘ಮೇಲಿಂದ ಎಲ್ಲರನ್ನೂ ಗಮನಿಸುತ್ತಿದ್ದಾರೆ’ ಎಂಬ ವಾಟ್ಸ್ಆ್ಯಪ್ ವೇದಾಂತ ಬೇರೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರುಮಾಡಿದ ಗೋಪಾಲಸ್ವಾಮಿಯವರಿಗೆ, ಯಾರ ಮನೆಯ ರೇಡಿಯೊ ಹಾಡುತ್ತಿದೆಯೆಂದು ತಿಳಿಯುತ್ತಿತ್ತೇ? ಉಪಗ್ರಹದ್ದೂ ಅದೇ ಕಥೆ. ಅದು ಹೇಳುತ್ತದೆ, ಬಸ್ಸು ಕೇಳುತ್ತದೆ.

ಹೇಳುವುದಾದರೂ ಏನು? ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದಷ್ಟೇ. ಸುಮಾರು 20,200 ಕಿ.ಮೀ. ಎತ್ತರದಿಂದ ಹೊರಟ ಈ ಮಾತು ಮೋಡವನ್ನು ಲೆಕ್ಕಿಸದೆ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮುಂಚೆ ಬಸ್ಸಿಗೆ ತಲುಪುತ್ತದೆ. ಎಷ್ಟು ತಡವಾಯಿತು ಎಂಬುದರಿಂದ ಎಷ್ಟು ದೂರ ಎಂಬುದು ಸಿಗುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಬಸ್ಸಿನ ಜಿಪಿಎಸ್ ಯಂತ್ರ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ನಾಲ್ಕನೆಯದು ಏಕೆಂದರೆ, ಬಸ್ಸಿನೊಳಗಿನ ಅಗ್ಗದ ಗಡಿಯಾರ ಎಷ್ಟು ತಪ್ಪಿದೆ ಎಂದು ಹಿಡಿಯಲು.

ನನ್ನನ್ನು ಮರುಳು ಮಾಡಿದ್ದು ಉಪಗ್ರಹಗಳೊಳಗಿನ ಗಡಿಯಾರಗಳು. ಅವು ಪರಮಾಣು ಗಡಿಯಾರಗಳು. ಆದರೂ ನೆಲದವುಗಳೊಂದಿಗೆ ಹೊಂದುವುದಿಲ್ಲ. ವೇಗದ ಓಟದಿಂದ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತವೆ. ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ 45 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಕಳೆದರೆ ಉಳಿದದ್ದು 38. ಇಷ್ಟರಲ್ಲಿ ಏನಿದೆ ಎನ್ನಬೇಡಿ. ಒಂದು ಮೈಕ್ರೊಸೆಕೆಂಡಿನಲ್ಲಿ ಬೆಳಕು 300 ಮೀಟರ್ ಹೋಗುತ್ತದೆ. ಸರಿಪಡಿಸದೆ ಬಿಟ್ಟರೆ ಉಪಗ್ರಹದ ದೂರ ಅಳೆಯುವಲ್ಲಿ ದಿನಕ್ಕೆ 11 ಕಿ.ಮೀ. ತಪ್ಪು ಕೂಡುತ್ತಾ ಹೋಗುತ್ತದೆ. ಐನ್‌ಸ್ಟೈನ್ 1905 ಮತ್ತು 1915ರಲ್ಲಿ ಕಂಡುಕೊಂಡ ಸಾಪೇಕ್ಷತೆಯ ಲೆಕ್ಕ ಇಲ್ಲದಿದ್ದರೆ ಸಿಟಿ ಬಸ್ಸಿನ ಬೋರ್ಡೂ ನಡೆಯದು!

ಹಾಗಾದರೆ ಬಸ್ಸಿನ ಸುದ್ದಿ ಬೋರ್ಡಿಗೆ ಮುಟ್ಟಿಸುವವರು ಯಾರು? ಯಂತ್ರದಲ್ಲಿರುವ ಮೊಬೈಲ್ ಸಿಮ್. ಅದು ನಿಯಂತ್ರಣ ಕೇಂದ್ರಕ್ಕೆ ಕಳಿಸುತ್ತದೆ, ಅಲ್ಲಿನ ಕಂಪ್ಯೂಟರು ಬಸ್ಸು ಎಷ್ಟು ಹೊತ್ತಿಗೆ ಬಂದೀತೆಂದು ಅಂದಾಜು ಮಾಡುತ್ತದೆ. ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಬಸ್ಸು ಆ ಅಂದಾಜಿಗೆ ಸೊಪ್ಪು ಹಾಕುವುದಿಲ್ಲ. ಬೋರ್ಡಿನಲ್ಲಿ ಬಂದ ಬಸ್ಸು ರಸ್ತೆಯಲ್ಲಿ ಬಾರದಿದ್ದರೆ ಆಕಾಶವನ್ನು ಶಪಿಸಬೇಡಿ. ಯಂತ್ರ ಕೆಟ್ಟಿರಬಹುದು, ನೆಟ್‌ವರ್ಕ್ ಸಿಗದಿರಬಹುದು. ಬಸ್ಸಿನ ನಂಬರು ಬರೆದು ಡಿಪೊಗೆ ದೂರು ಕೊಡಿ. ರಿಪೇರಿ ನೆಲದ ಮೇಲೇ ಆಗಬೇಕು.