ಪಾನವ್ಯಸನಿಯೂ ಮನೆಯವರ ಕರ್ತವ್ಯವೂ

ಕುಡಿತದ ಕೆಡುಕನ್ನು ಕುರಿತ ಉಪದೇಶಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಆ ವ್ಯಸನಕ್ಕೆ ಸಿಕ್ಕಿದವನ ತಾಯಿ, ಮಡದಿ, ಒಡಹುಟ್ಟಿದವರು ನಿತ್ಯವೂ ಮಾಡತಕ್ಕದ್ದೇನೆಂಬುದನ್ನು ತಿಳಿಸುವವರು ವಿರಳ. ಮಾನಕ್ಕಂಜಿದ ಮನೆಯವರು ಸಾಮಾನ್ಯವಾಗಿ ಎರಡೇ ದಾರಿಗಳನ್ನು ಬಲ್ಲರು: ಮೊದಲು ಮುಚ್ಚಿಡುವುದು, ಮುಚ್ಚಿಟ್ಟು ಸಾಕಾದ ಮೇಲೆ ಹೊರದೂಡುವುದು. ಅಮಲಿಳಿಯದೆ ಮಲಗಿದವನ ಪರವಾಗಿ ಜ್ವರವೆಂದು ಕಚೇರಿಗೆ ರಜೆಯ ಅರ್ಜಿ ಬರೆಯುವ ಮಡದಿಯೂ, ಅಂಗಡಿಯ ಸಾಲವನ್ನು ಗುಟ್ಟಾಗಿ ತೀರಿಸುವ ತಂದೆಯೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕುಡಿತದ ಫಲವನ್ನು ಕುಡಿದವನಿಗೆ ತಟ್ಟಗೊಡದ ಈ ಪ್ರೀತಿಯು ರೋಗಕ್ಕೇ ಆಶ್ರಯವಾಗುತ್ತದೆ.

ಇದನ್ನು ರೋಗವೆಂದು ಕರೆಯಲು ಆಧಾರವುಂಟು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕ ಪದಾರ್ಥಗಳ ದುರುಪಯೋಗಕ್ಕೆ ಸಂಬಂಧಿಸಿದ ಮನೋವಿಕಾರಗಳನ್ನು ಮಾನಸಿಕ ರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಗೇ ಬಿಟ್ಟರೆ ಕೈನಡುಕ, ಬೆವರು, ನಿದ್ರಾಭಂಗಗಳು ತಲೆದೋರುವುವು. ಕೆಲವರಿಗೆ ಮೊದಲೆರಡು ದಿನಗಳಲ್ಲಿ ಫಿಟ್ಸೂ, ಅನಂತರ ಪ್ರಾಣಕ್ಕೇ ಎರವಾಗಬಲ್ಲ ಸನ್ನಿಯೂ ಬರಬಹುದು. ಆದಕಾರಣ ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವೆವೆಂಬುದು ದುಸ್ಸಾಹಸವೇ ಸರಿ. ಬಿಡಿಸುವ ಕಾರ್ಯವು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದು.

ಹಾಗಾದರೆ ಒಲ್ಲೆನೆಂಬವನನ್ನು ವೈದ್ಯರ ಬಳಿಗೆ ಕರೆತರುವ ಬಗೆ ಯಾವುದು? ಅಮೆರಿಕದ ಮಿಲ್ಲರ್, ಮೇಯರ್ಸ್ ಮತ್ತು ಟೋನಿಗನ್ ಎಂಬ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಮನನೀಯವಾಗಿದೆ. ಚಿಕಿತ್ಸೆಗೊಲ್ಲದ ಪಾನವ್ಯಸನಿಗಳ 130 ಮಂದಿ ಆಪ್ತರಿಗೆ ಮೂರು ಬಗೆಯ ಶಿಕ್ಷಣ ಕೊಡಲಾಯಿತು. ವ್ಯಸನಿಯ ಚಿಂತೆ ಬಿಟ್ಟು ತಮ್ಮ ಮನಶ್ಶಾಂತಿಯನ್ನು ಕಾಯ್ದುಕೊಳ್ಳುವ ಕ್ರಮದಿಂದ ನೂರಕ್ಕೆ 13 ಮಂದಿ ವ್ಯಸನಿಗಳೂ, ಬಂಧುಗಳೆಲ್ಲ ಕೂಡಿ ಎದುರಿಗೆ ನಿಂತು ಎಚ್ಚರಿಸುವ ಕ್ರಮದಿಂದ 30 ಮಂದಿಯೂ ಚಿಕಿತ್ಸೆಗೆ ಬಂದರು. ಮೂರನೆಯ ಕ್ರಮದಿಂದ ಬಂದವರು 64 ಮಂದಿ.

ಆ ಕ್ರಮವು ಯಾವ ಮನೆಯಲ್ಲಿಯೂ ಆಚರಿಸಬಹುದಾದುದು. ಕುಡಿಯದೆ ಬಂದ ಸಂಜೆ ಅವನೊಡನೆ ಕುಳಿತು ಉಂಡು ಅಕ್ಕರೆಯಿಂದ ಮಾತಾಡಬೇಕು. ಕುಡಿದು ಬಂದಾಗ ಜಗಳವೂ ಬೇಡ, ಉಪಚಾರವೂ ಬೇಡ. ಸುಮ್ಮನೆ ದೂರ ಸರಿಯಬೇಕು. ಅರ್ಜಿಯನ್ನು ಅವನೇ ಬರೆಯಲಿ, ಸಾಲಕ್ಕೆ ಅವನೇ ಉತ್ತರ ಕೊಡಲಿ. ತಾನಾಗಿ ಮನನೊಂದ ಮುಂಜಾನೆ ವೈದ್ಯರ ಮಾತೆತ್ತಬೇಕು. ಹೊಡೆತ ಬಡಿತಗಳಿರುವಲ್ಲಿ ಮಾತ್ರ ಮಡದಿಮಕ್ಕಳ ರಕ್ಷಣೆಯೇ ಮೊದಲು. ಪೆಟ್ಟು ತಿನ್ನುವುದನ್ನು ಸಹನೆಯೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವ್ಯಸನಕ್ಕೆಂದೇ ಚಿಕಿತ್ಸಾ ವಿಭಾಗವಿದೆ. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್‌ನ 14416ನೆಯ ಸಂಖ್ಯೆಗೆ ದೂರವಾಣಿ ಮಾಡಿ ಮನೆಯವರೂ ಸಲಹೆ ಪಡೆಯಬಹುದು.

ಚಿಕಿತ್ಸೆಯ ಅನಂತರವೂ ಕುಡಿತ ಮರುಕಳಿಸುವುದುಂಟು. ಮರುಕಳಿಸಿದ ಜ್ವರಕ್ಕೆ ಮತ್ತೆ ಮದ್ದು ಕೊಡುವ ನಾವು ಇಲ್ಲಿ ಮಾತ್ರ ಕೈಚೆಲ್ಲುವುದು ನ್ಯಾಯವೆ? ಅಧಿಕಾರದಲ್ಲಿರುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ: ಕೈಕೆಳಗಿನ ನೌಕರನೊಬ್ಬನು ನಿಜ ನುಡಿದು ಚಿಕಿತ್ಸೆಗೆ ರಜೆ ಬೇಡಿದಾಗ ಅದನ್ನು ನಗೆಗೀಡು ಮಾಡದೆ ಮಂಜೂರು ಮಾಡಿರಿ. ನಿಜಕ್ಕೆ ಮನ್ನಣೆ ದೊರೆತ ಕಚೇರಿಗೆ ಸುಳ್ಳು ಜ್ವರದ ಅರ್ಜಿಗಳು ಬರುವ ಕಾರಣವಿಲ್ಲ.