ಬೆನ್ನು ನೋವು, ಶೇ. 20 ಮತ್ತು ಒಂದು ಸಾಲಿನ ಷರಾ

ಹೊನ್ನಾಳಿ ಕಡೆಯ ಕೇಳುಗರೊಬ್ಬರ ವಾಯ್ಸ್ ಮೆಸೇಜ್ ಬಂದಿದೆ. ಅಪ್ಪ ಸೇನೆಯಿಂದ ನಿವೃತ್ತರು, ಬೆನ್ನಲ್ಲಿ ಡಿಸ್ಕ್ ಸಮಸ್ಯೆ. ಮೆಡಿಕಲ್ ಬೋರ್ಡೇ ಶೇ. 20 ಅಂಗವೈಕಲ್ಯ ಅಂತ ಬರೆದಿದೆ, ಆದ್ರೂ ಆ ಪಿಂಚಣಿ ತಿರಸ್ಕಾರ ಆಗಿದೆ. ಇದು ಹೆಂಗೆ ಅಂತ ಅವರ ಪ್ರಶ್ನೆ.

ಉತ್ತರ ಇರೋದು ಪರ್ಸೆಂಟೇಜಿನ ಜೊತೆಗಿರೋ ಷರಾದಲ್ಲಿ. ನಿವೃತ್ತಿಗೆ ಮುಂಚೆ ಪರೀಕ್ಷೆ ಮಾಡೋ ರಿಲೀಸ್ ಮೆಡಿಕಲ್ ಬೋರ್ಡ್, ತೊಂದರೆ ಎಷ್ಟಿದೆ ಅಂತ ಮಾತ್ರ ಅಲ್ಲ, ಅದು ಸೇವೆಯಿಂದ ಬಂತಾ ಅಥವಾ ಸೇವೆಯಿಂದ ಜಾಸ್ತಿಯಾಯ್ತಾ ಅಂತಾನೂ ಹೇಳ್ಬೇಕು. ಎರಡಕ್ಕೂ 'ಇಲ್ಲ' ಅಂತ ಬರೆದ್ರೆ ದುಡ್ಡು ಬರಲ್ಲ. ಗುಂಡೇಟಾದ್ರೆ ಈ ತಕರಾರು ಕಡಿಮೆ. ಬೆನ್ನು ಹಂಗಲ್ಲ. ಎಂಆರ್‌ಐಯಲ್ಲಿ ಡಿಸ್ಕ್ ಜಾರಿರೋದು ಕಾಣುತ್ತೆ, ಭಾರ ಹೊತ್ತು ಬೆಟ್ಟ ಹತ್ತಿದ್ದಕ್ಕೋ ವಯಸ್ಸಿಗೋ ಅನ್ನೋದು ಕಾಣಲ್ಲ. 'ಪೀಸ್ ಸ್ಟೇಷನ್‌ನಲ್ಲಿದ್ದಾಗ ಶುರುವಾಗಿದೆ' ಅನ್ನೋದು ಮಾಮೂಲಿ ಕಾರಣ. ನನಗೆ ಇದು ಒಪ್ಪಿಗೆ ಆಗಲ್ಲ. ಬೆನ್ನು ಸವೆದ ಜಾಗ ಒಂದು, ಡಾಕ್ಟರ್ ಹತ್ರ ಹೇಳ್ಕೊಂಡ ಜಾಗ ಇನ್ನೊಂದು ಇರ್ಬಹುದಲ್ವಾ?

ಇಲ್ಲಿ ಕೈಹಿಡಿಯೋದು ಸುಪ್ರೀಂ ಕೋರ್ಟಿನ 2013ರ ಧರ್ಮವೀರ್ ಸಿಂಗ್ ತೀರ್ಪು. ಅವರದ್ದು ಬೆನ್ನಲ್ಲ, ಫಿಟ್ಸ್. ಆದ್ರೆ ತತ್ವ ಎಲ್ಲ ಕಾಯಿಲೆಗೂ ಅನ್ವಯ: ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಇರ್ಲಿಲ್ಲ ಅಂದ್ರೆ ಅದು ಸೇವೆಯಿಂದ ಬಂತು ಅಂತಲೇ ಭಾವಿಸ್ಬೇಕು. ಅಲ್ಲ ಅಂತ ತೋರಿಸೋ ಹೊಣೆ ಇಲಾಖೆದು, ಬೋರ್ಡು ಕಾರಣ ಬರೀಬೇಕು. ಒಂದು ಎಚ್ಚರ: 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆಯಾದವರಿಗೆ ಹೊಸ ನಿಯಮಗಳಿವೆ, ಎರಡನ್ನೂ ಬೆರೆಸ್ಬೇಡಿ.

ದುಡ್ಡಿನ ಲೆಕ್ಕ ನೋಡಿ. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30. ಹಾಗಾಗಿ ಶೇ. 20ಕ್ಕೆ ಸಿಗೋದು ಬರೀ ಶೇ. 6. ಆದ್ರೆ 2014ರ ರಾಮ್ ಅವತಾರ್ ತೀರ್ಪಿನಿಂದಾಗಿ, ಪೂರ್ತಿ ಅವಧಿ ಮುಗಿಸಿ ಬಂದವರಿಗೂ 20 ಅನ್ನೋದು 50 ಆಗುತ್ತೆ. ಸಂಬಳ 40,000 ಇದ್ದಿದ್ರೆ ತಿಂಗಳಿಗೆ 2,400 ಬದಲು 6,000 ರೂಪಾಯಿ.

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೇದು, ಅದೂ ಆಗಲಿಲ್ಲ ಅಂದ್ರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಈಗ ದಾವಣಗೆರೆಯಲ್ಲಿ ಹೊಸ ಸ್ಕ್ಯಾನ್ ಮಾಡಿಸಿದ್ರೆ ಇವತ್ತಿನ ನೋವು ಗೊತ್ತಾಗುತ್ತೆ, ಅಷ್ಟೇ. ಅದಕ್ಕಿಂತ ಮೊದಲು ಅಪ್ಪನ ಹೆಸರಲ್ಲಿ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ. ಭರ್ತಿಯ ಮೆಡಿಕಲ್, ಪೋಸ್ಟಿಂಗ್ ವಿವರ, ಬೋರ್ಡಿನ ಪೂರ್ತಿ ವರದಿ, ಮೂರನ್ನೂ ಕೇಳಿ.